ಚೆಂಡು ಹೂವಿನಿಂದ ಕಣ್ಣಿನ ಮಾತ್ರೆಗೆ: ಲ್ಯೂಟಿನ್ ಯಾರಿಗೆ ಬೇಕು?

ಮುಂಗಾರು ಹಿಡಿದ ಮೇಲೆ ಗುಂಡ್ಲುಪೇಟೆಯಿಂದ ಊಟಿ ಕಡೆಗೋ ವಯನಾಡಿನ ಕಡೆಗೋ ಹೋಗುವ ರಸ್ತೆಯಲ್ಲಿ ಕಾರುಗಳು ಸಾಲಾಗಿ ನಿಲ್ಲುತ್ತವೆ. ಎರಡೂ ಬದಿ ಚೆಂಡು ಹೂವು, ಸೂರ್ಯಕಾಂತಿ. ಫೋಟೋ ತೆಗೆಸಿಕೊಳ್ಳುವವರಿಂದ ತಲೆಗೆ ಇಷ್ಟು ಅಂತ ದುಡ್ಡು ತೆಗೆದುಕೊಳ್ಳುವ ಹೊಲಗಳೂ ಇವೆ. ತಪ್ಪೇನಿಲ್ಲ, ಗಿಡ ತುಳಿಸಿಕೊಂಡವರಿಗೆ ಅಷ್ಟಾದರೂ ಸಿಗಬೇಕಲ್ವಾ. ಈ ಹೂವೆಲ್ಲ ಎಲ್ಲಿಗೆ ಹೋಗುತ್ತೆ ಅಂತ ಕೇಳಿದರೆ ‘ಪೇಂಟ್ ಕಂಪನಿಗೆ’ ಅನ್ನುವ ಉತ್ತರ ಆಗಾಗ ಸಿಗುತ್ತದೆ. ಅರ್ಧ ನಿಜ. ಹೂವಿನಿಂದ ಬಣ್ಣ ತೆಗೆಯುವುದು ಹೌದು, ಆದರೆ ಆ ಬಣ್ಣ ಗೋಡೆಗೆ ಹೋಗುವುದಿಲ್ಲ. ಬಿಸಿಲಿಗೆ ಬೇಗ ಮಾಸುವ ಬಣ್ಣವನ್ನು ಗೋಡೆಗೆ ಬಳಿದು ಏನು ಪ್ರಯೋಜನ? ಅದು ಹೋಗುವುದು ಕೋಳಿಯ ಹೊಟ್ಟೆಗೆ, ಬೇಕರಿ ತಿಂಡಿಗೆ, ಮತ್ತೆ ಔಷಧ ಅಂಗಡಿಯಲ್ಲಿ ‘ಕಣ್ಣಿನ ಆರೋಗ್ಯಕ್ಕೆ’ ಅಂತ ಮಾರುವ ಮಾತ್ರೆಗೆ.

ಆ ಬಣ್ಣದ ಹೆಸರು ಲ್ಯೂಟಿನ್. ಕ್ಯಾರೆಟ್‌ನ ಬೀಟಾ ಕ್ಯಾರೊಟಿನ್, ಟೊಮೆಟೊದ ಲೈಕೊಪಿನ್ ಇವುಗಳ ಕುಟುಂಬದ್ದೇ, ಆ ಕುಟುಂಬಕ್ಕೆ ಕ್ಯಾರೊಟಿನಾಯ್ಡ್ ಅಂತಾರೆ. ನಮ್ಮ ದೇಹ ಇದನ್ನು ತಾನಾಗಿ ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು. ಕಣ್ಣಿನ ಹಿಂಭಾಗದ ರೆಟಿನಾದ ನಡುವೆ ಒಂದು ಸಣ್ಣ ಹಳದಿ ಚುಕ್ಕೆ ಇದೆ, ಮ್ಯಾಕ್ಯುಲಾ ಅಂತಾರೆ. ಅಕ್ಷರ ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು, ಎಲ್ಲಕ್ಕೂ ಬೇಕಾದ ಸೂಕ್ಷ್ಮ ನೋಟ ಅಲ್ಲಿಂದ ಬರುತ್ತದೆ. ಆ ಚುಕ್ಕೆ ಹಳದಿಯಾಗಿರುವುದಕ್ಕೆ ಲ್ಯೂಟಿನ್ ಮತ್ತು ಅದರ ಜೋಡಿ ಝಿಯಾಜಾಂಥಿನ್ ಕಾರಣ. ಇದನ್ನು 1985ರಲ್ಲಿ ಫ್ಲಾರಿಡಾದ ವಿಜ್ಞಾನಿಗಳಾದ ರಿಚರ್ಡ್ ಬೋನ್, ಜಾನ್ ಲ್ಯಾಂಡ್ರಮ್ ಮತ್ತು ಅವರ ಸಹೋದ್ಯೋಗಿಗಳು ತೋರಿಸಿಕೊಟ್ಟರು. ಅಲ್ಲಿ ಅವಕ್ಕೆ ಎರಡು ಕೆಲಸ. ಒಂದು, ಒಳಬರುವ ನೀಲಿ ಬೆಳಕನ್ನು ಸ್ವಲ್ಪ ಹೀರಿಕೊಳ್ಳುವುದು. ಇನ್ನೊಂದು, ಬೆಳಕು ಮತ್ತು ಆಮ್ಲಜನಕ ಸೇರಿದಾಗ ಹುಟ್ಟುವ ಪುಂಡ ಅಣುಗಳ ಶಕ್ತಿಯನ್ನು ತಾವು ಪಡೆದು ಶಾಖವಾಗಿ ಬಿಟ್ಟುಬಿಡುವುದು. ಆಂಟಿಆಕ್ಸಿಡೆಂಟ್ ಅನ್ನುವ ಪಟ್ಟ ಬಂದದ್ದು ಈ ಎರಡನೇ ಕೆಲಸದಿಂದ.

ಹಾಗಾದರೆ ಪಾಲಕ್ ಸೊಪ್ಪಿನಲ್ಲೂ ಲ್ಯೂಟಿನ್ ಇರುವಾಗ ಕಾರ್ಖಾನೆಗಳಿಗೆ ಚೆಂಡು ಹೂವೇ ಯಾಕೆ ಬೇಕು? ಸೊಪ್ಪಿನಲ್ಲಿ ಲ್ಯೂಟಿನ್ ಜೊತೆಗೆ ಪತ್ರಹರಿತ್ತು, ಬೀಟಾ ಕ್ಯಾರೊಟಿನ್, ಇನ್ನೂ ಹತ್ತಾರು ವಸ್ತುಗಳು ಬೆರೆತಿರುತ್ತವೆ. ಬಿಡಿಸಿ ತೆಗೆಯುವುದು ದುಬಾರಿ. ಚೆಂಡು ಹೂವಿನ ದಳದಲ್ಲಿ ಇರುವ ಬಣ್ಣದ ಬಹುಪಾಲು ಲ್ಯೂಟಿನ್ನೇ, ಕೊಬ್ಬಿನಾಮ್ಲಗಳ ಜೊತೆ ಅಂಟಿಕೊಂಡ ರೂಪದಲ್ಲಿ. ಒಮ್ಮೆ ಕರಗಿಸಿದರೆ ಸಾಕು, ಹೆಚ್ಚೂಕಡಿಮೆ ಅದೊಂದೇ ಬರುತ್ತದೆ. ಆದರೆ ಎಲ್ಲ ಚೆಂಡು ಹೂವೂ ಇದಕ್ಕೆ ಆಗುವುದಿಲ್ಲ. ತೆಳು ಹಳದಿ ಹೂವಿಗೂ ಗಾಢ ಕಿತ್ತಳೆ ಹೂವಿಗೂ ಲ್ಯೂಟಿನ್ ಪ್ರಮಾಣದಲ್ಲಿ ಸುಮಾರು 200 ಪಟ್ಟು ವ್ಯತ್ಯಾಸ ಇರಬಹುದು. ಅದಕ್ಕೇ ಕಂಪನಿಗಳು ಬೀಜವನ್ನು ತಾವೇ ಕೊಡುತ್ತವೆ. ಹಾರದ ಹೂವು ದುಂಡಗೆ, ಗಟ್ಟಿಯಾಗಿ, ಎರಡು ದಿನ ಬಾಡದೆ ಇರಬೇಕು. ಕಂಪನಿಗೆ ಹಾಕುವ ಹೂವು ಹೇಗಿದ್ದರೂ ನಡೆಯುತ್ತೆ, ಬಣ್ಣ ಮಾತ್ರ ಕಡು ಆಗಿರಬೇಕು.

ಒಂದು ಸಣ್ಣ ಲೆಕ್ಕ ಹಾಕೋಣ. ಹಸಿ ಹೂವಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ನೀರೇ. ಹತ್ತು ಕಿಲೋ ಹೂವು ಒಣಗಿಸಿದರೆ ಹೆಚ್ಚೂಕಡಿಮೆ ಒಂದು ಕಿಲೋ ಉಳಿಯುತ್ತದೆ. ಅದರಲ್ಲಿ ಶೇಕಡಾ 1ರಷ್ಟು ಲ್ಯೂಟಿನ್ ಅಂತ ಹಿಡಿದರೂ 10 ಗ್ರಾಂ ಆಯಿತು. ಒಂದು ಮಾತ್ರೆಗೆ 10 ಮಿಲಿಗ್ರಾಂ. ಅಂದರೆ ಒಂದು ಕಿಲೋ ಹಸಿ ಹೂವಿನಲ್ಲಿ ನೂರು ಮಾತ್ರೆಗೆ ಆಗುವಷ್ಟು ಸರಕು ಇದೆ. ಸಂಸ್ಕರಣೆಯಲ್ಲಿ ಅರ್ಧ ಹಾಳಾಯಿತು ಅಂದುಕೊಂಡರೂ ಐವತ್ತು. ಮಾತ್ರೆಯ ಬೆಲೆಗೂ ಹೊಲದಲ್ಲಿ ಹೂವಿಗೆ ಸಿಗುವ ಬೆಲೆಗೂ ನಡುವೆ ಎಷ್ಟು ಅಂತರ ಇದೆ ಅಂತ ಓದುಗರೇ ಗುಣಿಸಿಕೊಳ್ಳಬಹುದು.

ಆ ಅಂತರದಲ್ಲಿ ಏನೇನು ನಡೆಯುತ್ತದೆ? ಲಾರಿಯಲ್ಲಿ ಬಂದ ಹೂವನ್ನು ದೊಡ್ಡ ಗುಂಡಿಗಳಲ್ಲಿ ತುಂಬಿ, ಒತ್ತಿ, ಮುಚ್ಚಿಡುತ್ತಾರೆ. ಗಾಳಿಯಾಡದೆ ಅದು ಹುಳಿಯುತ್ತದೆ. ಹಸುವಿಗೆ ರಸಮೇವು ಮಾಡುವ ಹಾಗೆಯೇ. ಹುಳಿ ಬಂದಷ್ಟೂ ದಳ ಮೆತ್ತಗಾಗಿ ಬಣ್ಣ ಸಲೀಸಾಗಿ ಬಿಡುತ್ತದೆ. ಆಮೇಲೆ ಹಿಂಡಿ ನೀರು ತೆಗೆದು, ಒಣಗಿಸಿ, ಪುಡಿ ಮಾಡಿ, ಕೋಳಿ ಆಹಾರದ ಹಾಗೆ ಗುಳಿಗೆ ಮಾಡುತ್ತಾರೆ. ಗುಳಿಗೆಯ ಮೇಲೆ ಹೆಕ್ಸೇನ್ ಅನ್ನುವ ದ್ರಾವಕ ಹರಿಸಿದರೆ ಬಣ್ಣ ಅದರಲ್ಲಿ ಕರಗುತ್ತದೆ. ಅಡುಗೆ ಎಣ್ಣೆ ಕಾರ್ಖಾನೆಗಳಲ್ಲಿ ಹಿಂಡಿಯಿಂದ ಉಳಿದ ಎಣ್ಣೆ ತೆಗೆಯಲು ಬಳಸುವ ಅದೇ ಹೆಕ್ಸೇನ್. ಅದನ್ನು ಆವಿ ಮಾಡಿ ತೆಗೆದರೆ ಉಳಿಯುವುದು ಕಡುಗಂದು ಬಣ್ಣದ ಅಂಟು ದ್ರವ, ಓಲಿಯೊರೆಸಿನ್. ಇಷ್ಟಕ್ಕೆ ನಿಲ್ಲಿಸಿದರೆ ಅದು ಕೋಳಿ ಆಹಾರಕ್ಕೆ ಸಾಕು. ಮನುಷ್ಯರ ಮಾತ್ರೆಗೆ ಬೇಕಾದರೆ ಕ್ಷಾರ ಹಾಕಿ ಕೊಬ್ಬಿನಾಮ್ಲ ಬಿಡಿಸಬೇಕು. ಸಾಬೂನು ಮಾಡುವ ರಸಾಯನವೇ ಇದು. ಕೊನೆಗೆ ಕಿತ್ತಳೆ ಬಣ್ಣದ ಸಣ್ಣ ಹರಳು ಸಿಗುತ್ತದೆ. ಬೆಳಕು, ಗಾಳಿ ಎರಡೂ ಅದಕ್ಕೆ ಆಗಿಬರುವುದಿಲ್ಲ. ಆದ್ದರಿಂದ ಎಣ್ಣೆಯಲ್ಲೋ ಪಿಷ್ಟದ ಕವಚದಲ್ಲೋ ಇಟ್ಟು ಮಾರುತ್ತಾರೆ.

ಡಬ್ಬಿಯ ಮೇಲೆ ‘ನೈಸರ್ಗಿಕ ಮೂಲದಿಂದ’ ಅಂತ ದೊಡ್ಡದಾಗಿ ಬರೆದಿರುತ್ತಾರಲ್ಲ, ಆ ಮಾತು ಸುಳ್ಳಲ್ಲ. ಆದರೆ ಅದಕ್ಕೆ ಬೆಲೆಯೂ ಇಲ್ಲ. ಮಾರುಕಟ್ಟೆಯಲ್ಲಿರುವ ಲ್ಯೂಟಿನ್ ಹೆಚ್ಚೂಕಡಿಮೆ ಎಲ್ಲ ಚೆಂಡು ಹೂವಿನದೇ, ಪ್ರಯೋಗಾಲಯದಲ್ಲಿ ಕಟ್ಟುವುದು ಅಷ್ಟು ದುಬಾರಿ. ‘ನಮ್ಮದು ನೈಸರ್ಗಿಕ’ ಅಂತ ಎದೆ ತಟ್ಟಿಕೊಳ್ಳುವವರ ಪಕ್ಕದ ಡಬ್ಬಿಯೂ ನೈಸರ್ಗಿಕವೇ. ಇನ್ನು ಹೆಕ್ಸೇನು, ಕ್ಷಾರ ಅಂತ ಕೇಳಿ ಗಾಬರಿಯಾಗಬೇಕಿಲ್ಲ. ಸರಿಯಾಗಿ ತೆಗೆದರೆ ಅವು ಉಳಿಯುವುದಿಲ್ಲ. ಹೂವಿನಿಂದ ಬಂದಿದೆ ಎಂಬ ಕಾರಣಕ್ಕೆ ಒಳ್ಳೆಯದು ಅನ್ನುವುದಾಗಲೀ, ಕಾರ್ಖಾನೆ ಹಾದು ಬಂದಿದೆ ಎಂಬ ಕಾರಣಕ್ಕೆ ಕೆಟ್ಟದ್ದು ಅನ್ನುವುದಾಗಲೀ ಎರಡೂ ತಿಳಿದು ಆಡುವ ಮಾತಲ್ಲ.

ಈ ಉದ್ಯಮ ಶುರುವಾದದ್ದು ಕಣ್ಣಿಗಾಗಿಯೂ ಅಲ್ಲ. ಕೋಳಿಗೂ ಈ ಬಣ್ಣ ತಾನಾಗಿ ಮಾಡಿಕೊಳ್ಳಲು ಬರುವುದಿಲ್ಲ. ಬಯಲಲ್ಲಿ ಹುಲ್ಲು, ಸೊಪ್ಪು ಹೆಕ್ಕುವ ನಾಟಿ ಕೋಳಿಯ ಮೊಟ್ಟೆಯ ಹಳದಿ ಕಡು ಇರುತ್ತದೆ. ಫಾರಂನಲ್ಲಿ ಹಾಕಿದ್ದನ್ನಷ್ಟೇ ತಿನ್ನುವ ಕೋಳಿಯದು ಬಿಳಿಚಿಕೊಳ್ಳುತ್ತದೆ. ಗಿರಾಕಿಗೆ ಅದು ಹಿಡಿಸುವುದಿಲ್ಲ. ಹಾಗಾಗಿ ಚೆಂಡು ಹೂವಿನ ಪುಡಿ ಕೋಳಿ ಆಹಾರಕ್ಕೆ ಬಂತು. ಹಳದಿ ಎಷ್ಟು ಕಡು ಇರಬೇಕು ಅಂತ ತೂಗಿ ನೋಡಲು ನಂಬರ್ ಹಾಕಿದ ಬಣ್ಣದ ಪಟ್ಟಿಗಳ ಬೀಸಣಿಗೆಯೇ ಇದೆ. ಹೀಗೆ ಗುಂಡ್ಲುಪೇಟೆಯ ಹೂವು ಯಾವುದೋ ಊರಿನ ಆಮ್ಲೆಟ್‌ನಲ್ಲಿ ಕಾಣಿಸಿಕೊಳ್ಳಬಹುದು. ತಿನ್ನುವವರಿಗೆ ಗೊತ್ತೇ ಆಗುವುದಿಲ್ಲ.

ಗಿಡದ ಮೂಲ ಮೆಕ್ಸಿಕೊ. ಅಲ್ಲಿ ಸತ್ತವರ ಹಬ್ಬಕ್ಕೆ ಸಮಾಧಿಗಳ ಮೇಲೆ ಹಾಸುವ ಹೂವು ಇದೇ. ಬಣ್ಣಕ್ಕಾಗಿ ಬೆಳೆಯುವುದರಲ್ಲೂ ಮೆಕ್ಸಿಕೊ, ಪೆರು ಮುಂದಿದ್ದವು. ಈಗ ಕೇಂದ್ರ ಭಾರತ ಮತ್ತು ಚೀನಾಕ್ಕೆ ಬಂದಿದೆ. ಕಾರಣ ಸರಳ. ಹೂವನ್ನು ಕೈಯಲ್ಲೇ ಕೀಳಬೇಕು. ನಾಟಿ ಮಾಡಿ ಎರಡು ತಿಂಗಳಿಗೆ ಕೀಳಲು ಶುರು ಮಾಡಿದರೆ ಮತ್ತೆ ಮತ್ತೆ ಕೀಳುತ್ತಲೇ ಇರಬೇಕು. ಬೆನ್ನು ಬಗ್ಗಿಸಿ ಕೀಳುವವರಲ್ಲಿ ಹೆಚ್ಚಿನವರು ಹೆಂಗಸರು. ಕೂಲಿ ಎಲ್ಲಿ ಕಡಿಮೆಯೋ ಬೆಳೆ ಅಲ್ಲಿಗೆ ಹೋಗುತ್ತದೆ.

ನಮ್ಮಲ್ಲಿ ಚಾಮರಾಜನಗರ, ಹಾಸನ, ಹಾವೇರಿ, ದಾವಣಗೆರೆ ಭಾಗಗಳಲ್ಲಿ ಇದು ಒಪ್ಪಂದದ ಬೆಳೆ. ಕಂಪನಿ ಬೀಜ ಕೊಡುತ್ತದೆ, ದರ ಮೊದಲೇ ಹೇಳುತ್ತದೆ, ಹತ್ತಿರದಲ್ಲೇ ತೂಕ ಹಾಕಿಸಿಕೊಳ್ಳುತ್ತದೆ. ರೈತರಿಗೆ ಇದರಲ್ಲಿ ಒಂದು ನೆಮ್ಮದಿ ಇದೆ. ಆಷಾಢದಲ್ಲಿ ಹಾರದ ಚೆಂಡು ಹೂವಿನ ಬೆಲೆ ಬಿದ್ದು ರಸ್ತೆ ಬದಿಗೆ ಸುರಿಯುವುದನ್ನು ಪ್ರತಿವರ್ಷ ನೋಡುತ್ತೇವೆ. ಒಪ್ಪಂದದವರಿಗೆ ಆ ಗತಿ ಬರುವುದಿಲ್ಲ. ಆದರೆ ಆಯುಧಪೂಜೆ, ದೀಪಾವಳಿಗೆ ಪೇಟೆಯಲ್ಲಿ ಹೂವಿನ ಬೆಲೆ ಏರಿದಾಗ ಅವರಿಗೆ ಸಿಗುವುದು ಅದೇ ಹಳೇ ದರ. ಲ್ಯೂಟಿನ್ ಜಾಸ್ತಿ ಇರುವ ಹೂವಿಗೆ ಜಾಸ್ತಿ ದುಡ್ಡು ಅನ್ನುವ ಪದ್ಧತಿ ಇದ್ದಿದ್ದರೆ ಮಾತು ಬೇರೆ. ಕಬ್ಬಿನ ದರವನ್ನು ಸಕ್ಕರೆ ಇಳುವರಿ ನೋಡಿ ಕಟ್ಟುತ್ತಾರೆ, ಹಾಲಿಗೆ ಫ್ಯಾಟ್ ನೋಡುತ್ತಾರೆ. ಹೂವಿಗೆ ತೂಕವೇ ಅಳತೆ. ಮಳೆಯಲ್ಲಿ ನೆನೆದ ಹೂವಿನ ತೂಕದ ಬಗ್ಗೆ ಜಗಳ ಆಗುವುದೂ ಇದರಿಂದಲೇ.

ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬಣ್ಣ ತೆಗೆಯಲೆಂದೇ ‘ಅರ್ಕಾ ಶುಭಾ’ ಅನ್ನುವ ತಳಿ ತಂದಿದೆ. ಸಂಸ್ಥೆ ಹೇಳುವ ಪ್ರಕಾರ ಬೇರೆ ತಳಿಗಳಲ್ಲಿ ಕ್ಯಾರೊಟಿನ್ ಶೇಕಡಾ 1.4ರವರೆಗೆ ಇದ್ದರೆ ಇದರಲ್ಲಿ 2.8. ಹೂವು ಕೊಳೆತರೂ ಬಣ್ಣಕ್ಕೆ ಬರುತ್ತದೆ ಎಂಬುದು ಇದರ ಇನ್ನೊಂದು ಗುಣ. ಬೀಜ ಕಂಪನಿಯ ಕೈಯಲ್ಲೇ ಇರಬೇಕಾಗಿಲ್ಲ ಅಂದಾಗ ರೈತರಿಗೆ ಮಾತಾಡಲು ಸ್ವಲ್ಪ ಬಲ ಬರಬಹುದು. ಅಂದಹಾಗೆ ಚೆಂಡು ಹೂವಿನ ಬೇರು ಮಣ್ಣಿನ ಜಂತುಹುಳುಗಳನ್ನು ಕೊಲ್ಲುವ ರಸ ಬಿಡುತ್ತದೆ. ಟೊಮೆಟೊ ಸಾಲುಗಳ ನಡುವೆ ಚೆಂಡು ಹೂವು ಹಾಕುವುದು ಚಂದಕ್ಕಲ್ಲ. ಅರಿಸಿನ ಬೆಳೆಯುವ ಚಾಮರಾಜನಗರದವರಿಗೂ ಅದು ಉಪಕಾರಿಯೇ.

ಈಗ ಮಾತ್ರೆಯ ವಿಷಯಕ್ಕೆ ಬರೋಣ. ಲ್ಯೂಟಿನ್ ಪ್ರಸಿದ್ಧಿಗೆ ಬಂದದ್ದು 1994ರಲ್ಲಿ. ಅಮೆರಿಕದಲ್ಲಿ ಜೊಹಾನಾ ಸೆಡನ್ ಮತ್ತು ಸಂಗಡಿಗರು ವಯಸ್ಸಾದವರ ಊಟ ಮತ್ತು ಕಣ್ಣು ಎರಡನ್ನೂ ಹೋಲಿಸಿದರು. ಕ್ಯಾರೊಟಿನಾಯ್ಡ್ ಇರುವ ಆಹಾರ ತುಂಬ ತಿನ್ನುವವರಲ್ಲಿ, ಬಹಳ ಕಡಿಮೆ ತಿನ್ನುವವರಿಗಿಂತ, ಮುಂದುವರಿದ ಮ್ಯಾಕ್ಯುಲಾ ಸವೆತದ ಅಪಾಯ ಶೇಕಡಾ 43ರಷ್ಟು ಕಡಿಮೆ ಇತ್ತು. ಮುಖ್ಯವಾಗಿ ಹಸಿರು ಸೊಪ್ಪು ತಿನ್ನುವವರಲ್ಲಿ. ವೈದ್ಯರು ಎಎಂಡಿ ಅನ್ನುವ ಈ ಕಾಯಿಲೆಯಲ್ಲಿ ನೇರ ಗೆರೆ ಸೊಟ್ಟಗೆ ಕಾಣುತ್ತದೆ, ಕ್ರಮೇಣ ನೋಟದ ನಡುವೆ ಮಬ್ಬು ಕವಿಯುತ್ತದೆ. ಆದರೆ ಸೊಪ್ಪು ತಿನ್ನುವವರು ಬೇರೆ ವಿಷಯದಲ್ಲೂ ಆರೋಗ್ಯವಂತರಾಗಿರುತ್ತಾರೆ. ಸಿಗರೇಟು ಕಡಿಮೆ, ನಡಿಗೆ ಜಾಸ್ತಿ. ಸೊಪ್ಪಿನಿಂದ ಲ್ಯೂಟಿನ್ ಒಂದನ್ನೇ ತೆಗೆದು ಕೊಟ್ಟರೆ ಅದೇ ಫಲ ಬರುತ್ತದಾ? ಅದನ್ನು ಪರೀಕ್ಷೆ ಮಾಡಿಯೇ ನೋಡಬೇಕಿತ್ತು.

ಅದೇ ವರ್ಷ ಫಿನ್ಲೆಂಡಿನಿಂದ ಬಂದ ಸುದ್ದಿ ಎಲ್ಲರಿಗೂ ಪಾಠ ಕಲಿಸಿತ್ತು. ಅಲ್ಲಿ 29,133 ಮಂದಿ ಸಿಗರೇಟು ಸೇದುವ ಗಂಡಸರ ಮೇಲೆ ನಡೆದ ಪರೀಕ್ಷೆಯಲ್ಲಿ ಬೀಟಾ ಕ್ಯಾರೊಟಿನ್ ಮಾತ್ರೆ ನುಂಗಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಲಿಲ್ಲ. ಶೇಕಡಾ 18ರಷ್ಟು ಜಾಸ್ತಿಯಾಯಿತು! ಕ್ಯಾರೆಟ್ ತಿನ್ನುವವರಿಗೆ ಕ್ಯಾನ್ಸರ್ ಕಡಿಮೆ ಎಂಬ ಲೆಕ್ಕ ಹಿಡಿದು ಹೊರಟವರಿಗೆ ಸಿಕ್ಕಿದ್ದು ಇದು. ಎರಡು ವರ್ಷದ ನಂತರ ಅಮೆರಿಕದ ಇನ್ನೊಂದು ದೊಡ್ಡ ಪರೀಕ್ಷೆಯಲ್ಲೂ ಇದೇ ಕಥೆ. ಆಂಟಿಆಕ್ಸಿಡೆಂಟ್ ಅಂದರೆ ಒಳ್ಳೆಯದು, ಜಾಸ್ತಿ ತಿಂದರೆ ಇನ್ನೂ ಒಳ್ಳೆಯದು ಅನ್ನುವ ನಂಬಿಕೆ ಅಲ್ಲಿಗೆ ಮುರಿದುಬಿತ್ತು. ಜಾಹೀರಾತಿನವರಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಕಣ್ಣಿನ ಮಟ್ಟಿಗೆ ನಿರ್ಣಾಯಕ ಪರೀಕ್ಷೆ ನಡೆಸಿದ್ದು ಅಮೆರಿಕ ಸರ್ಕಾರದ ನ್ಯಾಷನಲ್ ಐ ಇನ್‌ಸ್ಟಿಟ್ಯೂಟ್. 2001ರಲ್ಲಿ ಬಂದ ಮೊದಲ ಪರೀಕ್ಷೆಯ ಹೆಸರು ಎರೆಡ್ಸ್. ವಿಟಮಿನ್ ಸಿ, ವಿಟಮಿನ್ ಇ, ಸತು, ತಾಮ್ರ ಮತ್ತು ಬೀಟಾ ಕ್ಯಾರೊಟಿನ್ ಸೇರಿಸಿ ಕೊಟ್ಟಾಗ, ಈಗಾಗಲೇ ಮಧ್ಯಮ ಹಂತದ ಎಎಂಡಿ ಇದ್ದವರಲ್ಲಿ ಅಥವಾ ಒಂದು ಕಣ್ಣು ಆಗಲೇ ಕೆಟ್ಟವರಲ್ಲಿ, ಕಾಯಿಲೆ ಕೊನೆ ಹಂತಕ್ಕೆ ಹೋಗುವ ಅಪಾಯ ಸುಮಾರು ಶೇಕಡಾ 25ರಷ್ಟು ತಗ್ಗಿತು. ಕಾಯಿಲೆ ಇಲ್ಲದವರಿಗೆ, ಈಗಷ್ಟೇ ಶುರುವಾದವರಿಗೆ ಏನೂ ಲಾಭ ಕಾಣಲಿಲ್ಲ. ಪೊರೆ ಬರುವುದನ್ನೂ ಅದು ತಡೆಯಲಿಲ್ಲ.

2013ರಲ್ಲಿ ಎರಡನೇ ಪರೀಕ್ಷೆಯ, ಅಂದರೆ ಎರೆಡ್ಸ್ 2ರ, ಫಲಿತಾಂಶ ಬಂತು. ನಾಲ್ಕು ಸಾವಿರಕ್ಕೂ ಹೆಚ್ಚು ಜನ, ವಯಸ್ಸು 50ರಿಂದ 85. ಹಳೇ ಮಿಶ್ರಣಕ್ಕೆ 10 ಮಿಲಿಗ್ರಾಂ ಲ್ಯೂಟಿನ್, 2 ಮಿಲಿಗ್ರಾಂ ಝಿಯಾಜಾಂಥಿನ್ ಸೇರಿಸಿ ನೋಡಿದರು. ಲ್ಯೂಟಿನ್ ಬಂದದ್ದು ಚೆಂಡು ಹೂವಿನಿಂದಲೇ. ಮುಖ್ಯ ಪ್ರಶ್ನೆಗೆ ಸಿಕ್ಕ ಉತ್ತರ ಸಪ್ಪೆಯಾಗಿತ್ತು. ಹಳೇ ಮಿಶ್ರಣದ ಮೇಲೆ ಲ್ಯೂಟಿನ್ ಸೇರಿಸಿದರೆ ಎದ್ದುಕಾಣುವ ಹೆಚ್ಚುವರಿ ಲಾಭ ಇಲ್ಲ. ಆದರೆ ಒಳಹೊಕ್ಕು ನೋಡಿದಾಗ ಎರಡು ಸಂಗತಿ ಸಿಕ್ಕವು. ಊಟದಲ್ಲಿ ಲ್ಯೂಟಿನ್ ಅತಿ ಕಡಿಮೆ ಇದ್ದ ಐದನೇ ಒಂದು ಭಾಗದ ಜನಕ್ಕೆ ಮಾತ್ರೆಯಿಂದ ಅಪಾಯ ಶೇಕಡಾ 26ರಷ್ಟು ಕಡಿಮೆಯಾಗಿತ್ತು. ಇನ್ನೊಂದು, ಬೀಟಾ ಕ್ಯಾರೊಟಿನ್ ಗುಂಪಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 2, ಅದು ಇಲ್ಲದ ಗುಂಪಿನಲ್ಲಿ ಶೇಕಡಾ 0.9. ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರು ಹಿಂದೆ ಸಿಗರೇಟು ಸೇದಿ ಬಿಟ್ಟವರು. ಹಾಗಾಗಿ ಬೀಟಾ ಕ್ಯಾರೊಟಿನ್ ತೆಗೆದು ಆ ಜಾಗಕ್ಕೆ ಲ್ಯೂಟಿನ್ ಹಾಕುವುದು ಒಳ್ಳೆಯದು ಅನ್ನುವ ತೀರ್ಮಾನಕ್ಕೆ ಬಂದರು. ಹತ್ತು ವರ್ಷ ಹಿಂಬಾಲಿಸಿ 2022ರಲ್ಲಿ ಪ್ರಕಟಿಸಿದ ವರದಿಯೂ ಇದನ್ನೇ ಗಟ್ಟಿ ಮಾಡಿತು.

ನನಗೆ ಕಾಣುವಂತೆ ಇಲ್ಲಿ ಮುಖ್ಯವಾದದ್ದು ಆ ಶೇಕಡಾ 26. ಸೊಪ್ಪು ತಿನ್ನದವರಿಗೆ ಮಾತ್ರೆ ಕೆಲಸಕ್ಕೆ ಬಂತು, ತಿನ್ನುವವರಿಗೆ ಅಷ್ಟಾಗಿ ಬರಲಿಲ್ಲ. ಅದೂ ಕಾಯಿಲೆ ಆಗಲೇ ಇದ್ದ ಹಿರಿಯರಲ್ಲಿ. ಇಷ್ಟು ಕಿರಿದಾದ ಪುರಾವೆಯನ್ನು ಹಿಗ್ಗಿಸಿ, ಇಪ್ಪತ್ತೈದರ ಸಾಫ್ಟ್‌ವೇರ್ ಹುಡುಗನಿಗೂ ಮೊಬೈಲ್ ಹಿಡಿದ ಮಗುವಿಗೂ ಜೆಲ್ಲಿ ಮಿಠಾಯಿ ರೂಪದಲ್ಲಿ ಮಾರುವುದು ಈಗಿನ ವ್ಯಾಪಾರ. ‘ಸ್ಕ್ರೀನ್‌ನ ನೀಲಿ ಬೆಳಕಿನಿಂದ ರಕ್ಷಣೆ’ ಅನ್ನುವುದು ಅದರ ಮಂತ್ರ. ಕಂಪ್ಯೂಟರ್, ಫೋನಿನ ನೀಲಿ ಬೆಳಕು ಕಣ್ಣು ಕೆಡಿಸುತ್ತದೆ ಎಂಬುದಕ್ಕೆ ಪುರಾವೆ ಇಲ್ಲ ಅಂತ ಅಮೆರಿಕದ ನೇತ್ರತಜ್ಞರ ಅಕಾಡೆಮಿ ಸ್ಪಷ್ಟವಾಗಿ ಹೇಳಿದೆ. ಸಂಜೆ ಹೊತ್ತಿಗೆ ಕಣ್ಣು ಉರಿಯುವುದು ನಾವು ರೆಪ್ಪೆ ಬಡಿಯುವುದನ್ನೇ ಮರೆತು ನೋಡುವುದರಿಂದ. ಅದಕ್ಕೆ ಹೂವಿನ ಸಾರ ಏನು ಮಾಡೀತು? ಕನ್ನಡಕದ ನಂಬರ್ ಇಳಿಯುತ್ತೆ ಅಂತ ಯಾರಾದರೂ ಹೇಳಿದರೆ ಅದೂ ಸುಮ್ನೆ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ, ಲ್ಯೂಟಿನ್ ಮಾತ್ರೆ ಎಎಂಡಿ ಅಥವಾ ಪೊರೆಯ ಅಪಾಯ ತಗ್ಗಿಸುತ್ತದೆ ಅಂತ ಡಬ್ಬಿಯ ಮೇಲೆ ಬರೆಯಲು ಅನುಮತಿ ಕೊಡಲಿಲ್ಲ.

ಊಟದ ಕಡೆ ನೋಡಿದರೆ ನಮ್ಮ ಅಡುಗೆಮನೆಯ ಸ್ಥಿತಿ ಕೆಟ್ಟದಾಗೇನೂ ಇಲ್ಲ. ನೂರು ಗ್ರಾಂ ಹಸಿ ಪಾಲಕ್‌ನಲ್ಲಿ ಲ್ಯೂಟಿನ್, ಝಿಯಾಜಾಂಥಿನ್ ಸೇರಿ ಸುಮಾರು 12 ಮಿಲಿಗ್ರಾಂ. ದಂಟು, ಹರಿವೆ, ನುಗ್ಗೆ, ಬಸಳೆ, ಮೆಂತ್ಯ, ಕೊತ್ತಂಬರಿ, ಯಾವ ಹಸಿರು ಸೊಪ್ಪಾದರೂ ಲ್ಯೂಟಿನ್ ಇದ್ದೇ ಇದೆ, ಪ್ರಮಾಣ ಹೆಚ್ಚು ಕಡಿಮೆ ಅಷ್ಟೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ನಮ್ಮ ಸೊಪ್ಪುಗಳಲ್ಲಿ ಇದನ್ನು ಅಳೆದು ಪ್ರಕಟಿಸಿದ್ದಾರೆ. ಕಣ್ಣಿಗೆ ತಂಪು ಅಂತ ಹಳ್ಳಿಗಳಲ್ಲಿ ಹೊನಗೊನ್ನೆ ಸೊಪ್ಪು ಹುಡುಕಿ ತರುವ ರೂಢಿ ಇನ್ನೂ ಇದೆ. ಝಿಯಾಜಾಂಥಿನ್ ಬೇಕಾದರೆ ಹಳದಿ ಮೆಕ್ಕೆಜೋಳ ಇದೆ.

ಬಸ್ಸಾರು ಪ್ರಿಯರಿಗೆ ಒಂದು ಮಾತು. ಲ್ಯೂಟಿನ್ ನೀರಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಸೊಪ್ಪು ಬಸಿದ ನೀರಿನಲ್ಲಿ ಸಿ ವಿಟಮಿನ್ ಹೋಗುತ್ತದೆ, ರುಚಿ ಹೋಗುತ್ತದೆ, ಲ್ಯೂಟಿನ್ ಮಾತ್ರ ಸೊಪ್ಪಿನಲ್ಲೇ ಉಳಿಯುತ್ತದೆ. ಸಾರು ಬಡಿಸಿಕೊಂಡು ಪಲ್ಯ ಪಕ್ಕಕ್ಕೆ ತಳ್ಳುವವರು ಅದನ್ನು ತಟ್ಟೆಯಲ್ಲೇ ಬಿಟ್ಟ ಹಾಗೆ. ಪಲ್ಯಕ್ಕೆ ಬೀಳುವ ಒಗ್ಗರಣೆ ಎಣ್ಣೆ, ಮೇಲೆ ಉದುರಿಸುವ ಕಾಯಿತುರಿ ಇವೆಲ್ಲ ಅದು ಮೈಗೆ ಹತ್ತಲು ಸಹಾಯ ಮಾಡುತ್ತವೆ. ಸ್ವೀಡನ್ನಿನ ಲಿನ್‌ಶೋಪಿಂಗ್ ವಿಶ್ವವಿದ್ಯಾಲಯದವರು ಪಾಲಕ್ ಮೇಲೆ ಪ್ರಯೋಗ ಮಾಡಿ, ಬೇಯಿಸಿದಷ್ಟೂ ಲ್ಯೂಟಿನ್ ಕಡಿಮೆಯಾಗುತ್ತದೆ, ನುಣ್ಣಗೆ ಅರೆದು ಕೆನೆ ಇರುವ ಹಾಲು ಮೊಸರಿನ ಜೊತೆ ಸೇರಿಸಿದರೆ ಹೆಚ್ಚು ಬಿಡುಗಡೆಯಾಗುತ್ತದೆ ಅಂತ ಕಂಡುಕೊಂಡರು. ನಮ್ಮ ಕೊತ್ತಂಬರಿ ಚಟ್ನಿ, ಒಂದೆಲಗದ ತಂಬುಳಿ ಇದಕ್ಕೆ ಹತ್ತಿರದ ಪಾಕಗಳೇ. ಹಸಿ ಸೊಪ್ಪು, ನುಣ್ಣಗೆ ಅರೆದದ್ದು, ಜೊತೆಗೆ ಕಾಯಿ ಅಥವಾ ಮಜ್ಜಿಗೆ.

ಮೊಟ್ಟೆಯ ಹಳದಿಯಲ್ಲಿ ಲ್ಯೂಟಿನ್ ಸೊಪ್ಪಿನಷ್ಟು ಇಲ್ಲ, ಮಾಮೂಲಿ ಮೊಟ್ಟೆ ಒಂದಕ್ಕೆ ಅರ್ಧ ಮಿಲಿಗ್ರಾಂಗಿಂತ ಕಡಿಮೆ. ಆದರೆ ಸುತ್ತಲೂ ಕೊಬ್ಬು ಇರುವುದರಿಂದ ನಮ್ಮ ದೇಹ ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. 2004ರಲ್ಲಿ ಬೋಸ್ಟನ್ನಿನ ಟಫ್ಟ್ಸ್ ವಿಶ್ವವಿದ್ಯಾಲಯದವರು ಹತ್ತು ಜನ ಗಂಡಸರಿಗೆ ಒಂದೇ ಪ್ರಮಾಣದ ಲ್ಯೂಟಿನ್ನನ್ನು ಪಾಲಕ್, ಮಾತ್ರೆ, ಲ್ಯೂಟಿನ್ ಹೆಚ್ಚಿಸಿದ ಮೊಟ್ಟೆ ಹೀಗೆ ಬೇರೆ ಬೇರೆಯಾಗಿ ಕೊಟ್ಟು ನೋಡಿದರು. ರಕ್ತದಲ್ಲಿ ಹೆಚ್ಚು ಕಂಡದ್ದು ಮೊಟ್ಟೆ ತಿಂದಾಗ. ಸಣ್ಣ ಪ್ರಯೋಗ, ನಿಜ. ಆದರೂ ಡಬ್ಬಿಯ ಮೇಲಿನ ಮಿಲಿಗ್ರಾಂ ಎಲ್ಲವೂ ಕಣ್ಣಿಗೆ ತಲುಪುತ್ತದೆ ಅನ್ನುವವರು ಇದನ್ನು ಗಮನಿಸಬೇಕು.

ಹಾಗಂತ ಮಾತ್ರೆ ಯಾರಿಗೂ ಬೇಡ ಅಂತಲ್ಲ. ಮನೆಯಲ್ಲಿ ಅರವತ್ತು ದಾಟಿದವರಿಗೆ ಕಣ್ಣಿನ ಡಾಕ್ಟರು ರೆಟಿನಾ ನೋಡಿ, ಮಧ್ಯಮ ಹಂತದ ಎಎಂಡಿ ಇದೆ, ಎರೆಡ್ಸ್ 2 ಮಿಶ್ರಣ ತಗೊಳ್ಳಿ ಅಂದರೆ ಅದಕ್ಕೆ ಪುರಾವೆಯ ಬಲ ಇದೆ. ಅಂಥವರು ಪಾಲಕ್ ತಿಂದುಕೊಂಡು ಮಾತ್ರೆ ಬಿಡುವುದು ಸರಿಯಲ್ಲ. ಅದರಲ್ಲಿ ಸತು, ವಿಟಮಿನ್‌ಗಳು ದೊಡ್ಡ ಪ್ರಮಾಣದಲ್ಲಿ ಇರುತ್ತವೆ, ಊಟದಿಂದ ಅಷ್ಟು ಬರುವುದಿಲ್ಲ.

ಡಬ್ಬಿ ಕೊಳ್ಳುವಾಗ ಹಿಂಬದಿ ಓದಿ. ‘ಚೆಂಡು ಹೂವಿನ ಸಾರ 50 ಮಿಲಿಗ್ರಾಂ’ ಅಂತ ಮುಂದೆ ಇದ್ದು, ಹಿಂದೆ ಸಣ್ಣ ಅಕ್ಷರದಲ್ಲಿ ‘ಲ್ಯೂಟಿನ್ ಶೇಕಡಾ 10’ ಅಂತ ಇದ್ದರೆ ನಿಮಗೆ ಸಿಗುವುದು 5 ಮಿಲಿಗ್ರಾಂ. ‘ಲ್ಯೂಟಿನ್ ಎಸ್ಟರ್’ ಅಂತ ಇದ್ದರೆ ಕೊಬ್ಬಿನಾಮ್ಲ ಬಿಡಿಸದ ಲ್ಯೂಟಿನ್ ಅಂತ ಅರ್ಥ. ಅದರ ತೂಕದಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟೇ ನಿಜವಾದ ಲ್ಯೂಟಿನ್. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಇಂಥ ಪೂರಕಗಳ ಮೇಲೆ ‘ಔಷಧವಾಗಿ ಬಳಸಲು ಅಲ್ಲ’ ಎಂಬ ಅರ್ಥದ ಸಾಲು ಇರಲೇಬೇಕು. ಅಂಗಡಿಯವರು ಔಷಧದ ಥರ ಕೈಗಿತ್ತರೂ ಆ ಸಾಲು ಅಲ್ಲೇ ಇರುತ್ತದೆ. ಇನ್ನೊಂದು ಮುಖ್ಯ. ಬೀಟಾ ಕ್ಯಾರೊಟಿನ್ ಸೇರಿಸಿದ ಕಣ್ಣಿನ ಮಾತ್ರೆಗಳು, ‘ಆಂಟಿಆಕ್ಸಿಡೆಂಟ್’ ಮಾತ್ರೆಗಳು ಈಗಲೂ ಅಂಗಡಿಯಲ್ಲಿ ಸಿಗುತ್ತವೆ. ಬೀಡಿ, ಸಿಗರೇಟು ಸೇದುವವರಿಗೆ, ಸೇದಿ ಬಿಟ್ಟವರಿಗೂ, ಅವನ್ನು ತರಬೇಡಿ. ಅಪ್ಪನೋ ತಾತನೋ ಹಳೇ ಚೀಟಿ ಹಿಡಿದು ಅದನ್ನೇ ನುಂಗುತ್ತಿದ್ದರೆ ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಡಬ್ಬಿಯನ್ನೂ ತಗೊಂಡು ಹೋಗಿ ತೋರಿಸಿ.